ಟಸ್ಕನಿ ಪರದೆ

ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಎತ್ತರ,
ಮಿಲ್ಲಿನ ಒರಟು ಬಟ್ಟೆ, ಮೇಲೆ ಹುಣಸೆಬೀಜದ ಅಂಟು, ಸುಣ್ಣ.
ಚೌಕಿಪೇಟೆಯ ನಮ್ಮ ಸ್ಟುಡಿಯೋದಲ್ಲಿ
ಇಟಲಿ ಇದ್ದದ್ದು ಇಷ್ಟೇ.

ಬರೆದವರು ದಾದಾಪೀರ್ ಪೇಂಟರ್.
ಮಾದರಿ, ನೂಲಿನ ಯಂತ್ರದ ಕಂಪನಿಯೊಂದು ಮಿಲ್ಲಿಗೆ ಕಳಿಸಿದ ಕ್ಯಾಲೆಂಡರು.
ಜಾಬರ್ ರುದ್ರಮುನಿ ಅದನ್ನು ಅಪ್ಪನಿಗೆ ತಂದುಕೊಟ್ಟಾಗ
ವರ್ಷ ಮುಗಿದಿತ್ತು, ಜೂನ್ ಹರಿದಿತ್ತು.
ಉಳಿದ ಹನ್ನೊಂದು ತಿಂಗಳನ್ನೂ ಒಂದೇ ಬಟ್ಟೆಗೆ ಇಳಿಸಿ ಅಂದ ಅಪ್ಪ.
ಎರಡನೆಯ ಪರದೆಗೆ ದುಡ್ಡಿರಲಿಲ್ಲ.

ಹಾಗಾಗಿ ಪೀಸಾದ ಗೋಪುರದ ಮಗ್ಗುಲಿಗೇ
ಫ್ಲಾರೆನ್ಸಿನ ಕೆಂಪು ಗುಮ್ಮಟ ಬಂತು,
ಅದರ ಬೆನ್ನಿಗೆ ಸಿಯೆನಾದ ಗಡಿಯಾರ ಗೋಪುರ,
ಇನ್ನೂ ಹಿಂದೆ, ಹದಿನಾಲ್ಕು ಕಲ್ಲುಗೋಪುರಗಳ ಒಂದು ಊರು,
ರೇಷನ್ ಸಾಲಿನಲ್ಲಿ ನಿಂತವರಂತೆ ಭುಜಕ್ಕೆ ಭುಜ ತಾಗಿಸಿ.

ಕಾಣದ್ದನ್ನು ಕಂಡದ್ದರಿಂದ ತುಂಬಿಸುತ್ತಿದ್ದರು ದಾದಾಪೀರ್.
ಆ ಸಪೂರ ಕಡುಹಸಿರು ಮರಗಳಿಗೆ ಕಾಲೇಜು ಗೇಟಿನ ಅಶೋಕ.
ನದಿಗೆ ಭದ್ರಾ ನಾಲೆ,
ನೀರು ಬಿಟ್ಟ ಮೂರನೇ ದಿನದ ಬಣ್ಣ.
ದಿಬ್ಬಗಳು ಜಗಳೂರು ದಾರಿಯಿಂದ ತಾವಾಗಿಯೇ ಬಂದವು.
ಅಮೃತಶಿಲೆಯ ಬಿಳಿ ಮಾತ್ರ ಸಿಗಲಿಲ್ಲ.
ಎರಡು ದಿನ ಬೀಡಿ ಸೇದುತ್ತ ಕೂತರು.
ಮೂರನೆಯ ಬೆಳಿಗ್ಗೆ ಬೆಣ್ಣೆ ಮಾರುವವಳ ಬುಟ್ಟಿ ಇಳಿಸಿಸಿ,
ಎಲೆ ಸರಿಸಿ, ಬಹಳ ಹೊತ್ತು ನೋಡಿದರು.
ಕೊಳ್ಳಲಿಲ್ಲ. ಬೈಸಿಕೊಂಡರು.

ಡಬ್ಬಿ ಹಿಡಿದು ನಿಲ್ಲುವವಳು ನಾನು, ಏಳು ವರ್ಷ.
"ಇದ್ಯಾಕ ವಾಲೈತಿ?"
"ನೆಲ ಮೆತ್ತಗಿತ್ತವ್ವ. ಕಟ್ಟೋರಿಗೆ ಅರ್ಧಕ್ಕ ಬಂದ ಮ್ಯಾಲೆ ಗೊತ್ತಾತು.
ಹಂಗಂತ ಬಿಟ್ಟು ಹೋಗ್ಲಿಲ್ಲ ನೋಡು."

ಮೊದಲ ಗಿರಾಕಿ ಹರಿಹರದ ಹೊಸ ಜೋಡಿ.
ಹುಡುಗನ ಸೋದರಮಾವ ಪರದೆ ನೋಡಿ ತಲೆ ಕೊಡವಿದ:
"ಮದುವಿ ಫೋಟೋದಾಗ ಬೀಳೋ ಕಟ್ಟಡ ಯಾಕ್ರಿ? ನೆಟ್ಟಗ ಮಾಡ್ರಿ."
ದಾದಾಪೀರ್ ಅಪ್ಪನ ಮುಖ ನೋಡಿದರು.
ಅಪ್ಪ ಗಲ್ಲಾಪೆಟ್ಟಿಗೆ ನೋಡಿದ.
ಎಂಟು ನೂರು ವರ್ಷ ಯಾರ ಕೈಲೂ ಆಗದ್ದು
ಮಧ್ಯಾಹ್ನದ ಊಟದೊಳಗೆ ಆಗಿಹೋಯಿತು.

ಆಮೇಲೆ ತಡೆಯುವವರಿಲ್ಲ.
ಮಂಡಿ ಗುಮಾಸ್ತ ವಾಮದೇವಪ್ಪ ಸಿಯೆನಾದ ಗಡಿಯಾರದಲ್ಲಿ
ಮಗ ಹುಟ್ಟಿದ ಗಳಿಗೆ ಇಡಿಸಿದ, ಐದೂ ಇಪ್ಪತ್ತು.
ಅಕ್ಕತಂಗಿಯರಿಬ್ಬರು ಗುಮ್ಮಟಕ್ಕೆ ಪಾರಿವಾಳ ಕೇಳಿದರು.
ಯಾವನೋ ನದಿಗೆ ಎಮ್ಮೆ ಇಳಿಸಿ ಅಂದ.
ಇಳಿಸಿದರು. ಕೊಂಬು ಚೆನ್ನಾಗಿ ಬಂದಿತ್ತು.

ಕೆ.ಟಿ.ಜೆ. ನಗರದ ಹಾಲವ್ವ ಬಂದದ್ದು
ಮಿಲ್ಲಿಗೆ ಬೀಗ ಬಿದ್ದ ವರ್ಷ. ಒಬ್ಬಳೇ.
ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋಗೆ ಪರದೆ ಬೇಡ ಅಂದರೂ
ಅದರ ಎದುರಿಗೇ ನಿಂತಳು, ಕ್ಯಾಮೆರಾಕ್ಕೆ ಬೆನ್ನು ಹಾಕಿ.
"ಇಷ್ಟು ಮನಿ ಅದಾವು,
ಒಂದರ ಕಿಟಕಿನೂ ತೆಗೆದಿಲ್ಲಲ್ರಿ.
ಸತ್ತೂರೇನ್ರಿ ಇದು?"

ದಾದಾಪೀರ್ ಮಾತಾಡಲಿಲ್ಲ.
ಅವಳು ಹೋದ ಮೇಲೆ, ಏಳನೆಯ ಗೋಪುರದ ಎಡಕ್ಕೆ,
ಕಿರುಬೆರಳ ಉಗುರಿನಷ್ಟು ಕಿಟಕಿ ತೆಗೆದು
ಒಳಗೆ ಹಳದಿ ಇಟ್ಟರು.
ಯಾವ ಫೋಟೋದಲ್ಲೂ ಅದು ಬಿದ್ದಿಲ್ಲ.
ನಿಂತವರ ಭುಜ ಅಡ್ಡ.

ಪರದೆಯನ್ನು ಒಂದು ಮೂಲೆಯಿಂದ ಇಲಿ,
ಇನ್ನೊಂದು ಮೂಲೆಯಿಂದ ಸ್ಕೂಟರ್ ಒರೆಸುವ ಅಣ್ಣ
ಮುಗಿಸಿದರು.

ಕ್ಯಾಲೆಂಡರು ಮೊನ್ನೆ ಸಿಕ್ಕಿತು, ಹಳೆಯ ಫಿಲ್ಮಿನ ಪೆಟ್ಟಿಗೆಯ ಅಡಿಯಲ್ಲಿ.
ಮಾರ್ಚ್ ತಿಂಗಳ ಗೋಪುರ ನೋಡಿ ಕೈ ತಾನಾಗಿ ಮುಂದೆ ಹೋಯಿತು,
ಆತುಕೊಳ್ಳಲಿಕ್ಕೆ.
ಸುತ್ತ ಖಾಲಿ ಹುಲ್ಲು.
ಗಡಿಯಾರದಲ್ಲಿ ಯಾರೂ ಹುಟ್ಟದ ಹೊತ್ತು.
ನದಿ ಇದೆ, ಎಮ್ಮೆ ಎದ್ದು ಹೋದಂತಿದೆ.

ಅಪ್ಪನ ಭೂತಗನ್ನಡಿ ಹಿಡಿದು
ಹದಿನಾಲ್ಕು ಗೋಪುರಗಳ ಊರಿನಲ್ಲಿ ಎಣಿಸುತ್ತ ಹೋದೆ,
ಐದು, ಆರು, ಏಳು, ಅದರ ಎಡಕ್ಕೆ.

ಪಿನ್ನು ಚುಚ್ಚಿದ ಜಾಗ.
ಸುತ್ತ ಒಂದಿಷ್ಟು ತುಕ್ಕು,
ಹೆಚ್ಚುಕಡಿಮೆ ಹಳದಿ.