ಕಂಬದ ಹಿಂದಿನ ಸೀಟು

ಟಿಕೆಟಿನ ಮೇಲೇ ಅಚ್ಚಾಗಿರುತ್ತಿತ್ತು, ಮುಚ್ಚುಮರೆ ಏನಿಲ್ಲ:
‘ನೋಟಕ್ಕೆ ಅಡ್ಡಿಯಿದೆ.’
ಅದಕ್ಕೇ ಅಗ್ಗ.
ಅಪ್ಪ ಅದನ್ನೇ ಕೇಳಿ ಕೊಳ್ಳುತ್ತಿದ್ದ,
ಗುಟ್ಟಿನ ಸರಕು ಕೈಸೇರಿದವನ ಹಾಗೆ
ಟೋಪಿಯ ಪಟ್ಟಿಗೆ ಸಿಕ್ಕಿಸಿ ನಡೆಯುತ್ತಿದ್ದ.

ಡೆಟ್ರಾಯಿಟಿನ ಆ ಹಳೆಯ ಸ್ಟೇಡಿಯಂ
ಹೊರಗಿನಿಂದ ಬರೀ ಗೋದಾಮು.
ಒಳಗೆ ಹೊಕ್ಕರೆ ಸಿಗಾರಿನ ಹೊಗೆ, ಚೆಲ್ಲಿದ ಬಿಯರು,
ಸೀದ ಈರುಳ್ಳಿ, ಕತ್ತಲ ಇಳಿಜಾರು,
ತಲೆಯ ಮೇಲೆ ತೊಟ್ಟಿಕ್ಕುವ ಕೊಳಾಯಿ,
ಆಮೇಲೆ ಒಮ್ಮೆಗೇ
ಹಸಿರು!
ನಮ್ಮ ಹ್ಯಾಮ್‌ಟ್ರಾಮಿಕ್ ಬೀದಿಯಲ್ಲಿ ಅಷ್ಟು ಹಸಿರು
ಇಗರ್ಜಿಯ ಕಿಟಕಿಗಾಜಿನಲ್ಲೂ ಇರಲಿಲ್ಲ.

ನಮ್ಮ ಎರಡು ಸೀಟಿಗೆ ನೇರ ಎದುರು
ಉಕ್ಕಿನ ಕಂಬ, ಅಪ್ಪನ ಸೊಂಟದಷ್ಟು ದಪ್ಪ.
ಬಣ್ಣದ ಮೇಲೆ ಬಣ್ಣ ಬಳಿದು ಬಳಿದು
ಮೊಳೆತಲೆಗಳೆಲ್ಲ ಗುಳ್ಳೆಯೆದ್ದಂತೆ.
ನನ್ನ ಕಡೆಯಿಂದ ಪಿಚರ್ ಕಾಣುತ್ತಿದ್ದ, ಬ್ಯಾಟಿನವನಿಲ್ಲ.
ಅಪ್ಪನ ಕಡೆಯಿಂದ ಬ್ಯಾಟಿನವ, ಪಿಚರ್ ಇಲ್ಲ.
ಅದರ ಮೇಲೆ ಕಾರ್ಖಾನೆಯ ಪ್ರೆಸ್ಸು
ಹತ್ತೊಂಬತ್ತು ವರ್ಷ ಬಡಿದೂ ಬಡಿದೂ
ಅವನ ಕಿವಿಯಲ್ಲಿ ಉಳಿದದ್ದು ಚೂರುಪಾರು.

ಹಾಗಾಗಿ ಬೆರಳಿನ ಭಾಷೆ.
ಪಿಚರ್ ಮಂಡಿಯೆತ್ತಿದನೋ,
ಅಪ್ಪನ ಮಂಡಿಗೆ ನನ್ನದೊಂದು ತಟ್ಟು: ಬಂತು ನೋಡು.
ಮರುಗಳಿಗೆ ನನ್ನ ಮಂಡಿಗೆ ಅವನ ಜವಾಬು:
ಒಂದು ತಟ್ಟಿದರೆ ಸ್ಟ್ರೈಕು, ಎರಡು ತಟ್ಟಿದರೆ ಬಾಲು,
ಅಂಗೈ ಅಗಲಿಸಿ ಚಟ್ಟೆಂದು ಹೊಡೆದರೆ
ಚೆಂಡು ಆಕಾಶದಲ್ಲಿದೆಯೆಂದು ಅರ್ಥ;
ಆಗ ಇಬ್ಬರೂ ಎದ್ದು, ಅವನು ಎಡಕ್ಕೆ ನಾನು ಬಲಕ್ಕೆ,
ಕಂಬದ ಎರಡು ಬದಿಯಿಂದ ಕತ್ತು ಚಾಚುತ್ತಿದ್ದೆವು.
ಮೂಳೆಯಷ್ಟೇ ಇದ್ದ ನನ್ನ ಮಂಡಿ
ಒಂಬತ್ತನೆಯ ಇನ್ನಿಂಗ್ಸಿನ ಹೊತ್ತಿಗೆ ಕೆಂಪು.

ಕಡಲೆಕಾಯಿ ಮಾರುವ ಆರ್ಲಿಸ್
ಎಲ್ಲರಿಗೂ ಕೂಗುತ್ತಿದ್ದ, ಅಪ್ಪನಿಗೆ ಕೂಗುತ್ತಿರಲಿಲ್ಲ.
ಪೊಟ್ಟಣ ಎತ್ತಿ ತೋರಿಸಿ, ಹುಬ್ಬು ಹಾರಿಸಿ,
ಕಂಬವನ್ನು ಬಳಸಿಕೊಂಡು ಬರುವಂತೆ ಎಸೆಯುತ್ತಿದ್ದ.
ತಿರುಗುವ ಚೆಂಡು ಎಂದರೇನೆಂದು
ನಾನು ಕಲಿತದ್ದು ಪಿಚರ್‌ಗಳಿಂದಲ್ಲ.

ಸಿಪ್ಪೆ ಕಾಲಡಿಗೆ. ಪಕ್ಕದ ಸಾಲಿನ ಝಿಗ್ಮಂಟ್ ಮಾವ
ಅಂಪೈರನ ಏಳು ತಲೆಮಾರು ಜಾಲಾಡುತ್ತಿದ್ದ, ಪೋಲಿಷಿನಲ್ಲಿ;
ಮುಂದಿನ ಸಾಲಿನ ಪಾದ್ರಿ ತಿರುಗಿ ನೋಡಿ
ಮತ್ತೆ ಮೈದಾನದ ಕಡೆಗೆ ಮುಖ ಮಾಡುತ್ತಿದ್ದರು.
ಬೈದದ್ದು ನ್ಯಾಯವಾಗಿಯೇ ಇತ್ತಲ್ಲ.

ಒಂದು ಜುಲೈ, ನನಗೆ ಹದಿನೈದು,
ಯಾಕೆ ಮುನಿಸೋ ಈಗ ನೆನಪಿಲ್ಲ,
ಬಹುಶಃ ಒಂದು ಲಂಗದ ವಿಷಯ.
ಕೈ ಎರಡೂ ಕಂಕುಳಲ್ಲಿ ಸಿಕ್ಕಿಸಿ ಕೂತೆ.
ತಟ್ಟಲಿಲ್ಲ.
ಪಾಪ, ಅವನು ತನ್ನ ಪಾಲಿನದನ್ನು ತಟ್ಟುತ್ತಲೇ ಇದ್ದ,
ಒಂದು, ಎರಡು, ಮತ್ತೆ ಎರಡು,
ಯಾವಾಗಲೂ ಒಂದು ಉಸಿರು ತಡವಾಗಿ.
ಬಸ್ಸಿನಲ್ಲಿ ಏನೂ ಕೇಳಲಿಲ್ಲ.
ನನ್ನ ಸ್ಟಾಪು ಬಂದಾಗ ಮಾತ್ರ, ನಿದ್ದೆ ಮಾಡುತ್ತಿದ್ದೇನೆಂದು ತಿಳಿದು,
ಮೆತ್ತಗೆ ಒಂದು ತಟ್ಟಿದ.

ಕೆಡವಿದರು ಅದನ್ನು. ಕುರ್ಚಿಗಳನ್ನು ಹರಾಜು ಹಾಕಿದರು.
ಕಂಬ ಯಾರಿಗೂ ಬೇಡವಾಯಿತು, ಗುಜರಿಗೆ ಹೋಗಿರಬೇಕು,
ಕರಗಿ ಯಾರದೋ ಕಾರಿನ ಬಾಗಿಲಾಗಿ
ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದರೂ ಇರಬಹುದು.
ಅಪ್ಪ ಅದಕ್ಕೂ ಮೊದಲೇ ಹೋಗಿದ್ದ; ಸದ್ಯ.

ಹೊಸ ಸ್ಟೇಡಿಯಮ್ಮಿನಲ್ಲಿ ಕಂಬವೇ ಇಲ್ಲ.
ಮೊಮ್ಮಗ ತೇಡ್ಯೂಷ್ ಕೊಡಿಸಿದ ಒಳ್ಳೆಯ ಸೀಟು,
ಪಿಚರೂ ಕಾಣುತ್ತಾನೆ, ಬ್ಯಾಟಿನವನೂ ಕಾಣುತ್ತಾನೆ,
ಕಾಣದಿದ್ದರೆ ದೊಡ್ಡ ಪರದೆಯಲ್ಲಿ ಮೂರು ಸಲ ತೋರಿಸುತ್ತಾರೆ.
ಆದರೂ ಪಿಚರ್ ಮಂಡಿಯೆತ್ತಿದಾಗ
ನನ್ನ ಬೆರಳು ಪಕ್ಕದ ಕುರ್ಚಿಯ ಕೈಗೆ ತಟ್ಟುತ್ತದೆ.
ಚೆಂಡು ಬಂದು, ದಾಟಿ, ಗ್ಲೌಸಿಗೆ ಬಿದ್ದೂ ಆಗಿದೆ.
ಬೋರ್ಡಿನಲ್ಲಿ ದೀಪವೂ ಹತ್ತಿದೆ.
ನಾನು ಇನ್ನೂ ಮಂಡಿ ಕದಲಿಸದೆ ಕೂತಿದ್ದೇನೆ.