ಹೆಕ್ಕಳೆ

ಕೊನ್ಯಾದ ನೀರು ಗಡಸು. ಕುದಿಸಿದಷ್ಟೂ
ತಳದಲ್ಲಿ ಸುಣ್ಣ ಬಿಟ್ಟುಹೋಗುತ್ತದೆ.
ಹಸೀಬೆಯ ಅತ್ತೆ ಆ ತಾಮ್ರದ ಕೆಟಲಿನೊಳಗೆ
ಮೂವತ್ತು ವರ್ಷ ಕೈ ಹಾಕಿದವಳಲ್ಲ.
"ಹೊರಗೆ ಬೂದಿ ಹಾಕಿ ತಿಕ್ಕು, ಒಳಗಿನ ಗೊಡವೆ ಬೇಡ,"
ಅಷ್ಟೇ. ಯಾಕೆಂದು ಹೇಳಲಿಲ್ಲ.

ಅತ್ತೆ ತೀರಿ ನಲವತ್ತು ದಿನ ಕಳೆದ ಮೇಲೆ
ಹಸೀಬೆ ವಿನೆಗರ್ ಸುರಿದಳು, ನಿಂಬೆ ಹಿಂಡಿದಳು,
ಒಲೆಗಿಟ್ಟು ಕಿಟಕಿ ತೆರೆದಳು.
ಹುಳಿ ನಾತ ಮೆಟ್ಟಿಲಿಳಿದು
ಕೆಳಮನೆಯ ಝುಲ್ಫಿಯೆಯ ಮೂಗಿಗೂ ಮುಟ್ಟಿತು.
ಬುಸ್ಸೆಂದು ನೊರೆ. ಮರದ ಚಮಚದ ತುದಿಯಿಂದ ಮೀಟಿದರೆ
ಹೆಕ್ಕಳೆ ಹೆಕ್ಕಳೆಯಾಗಿ ಎದ್ದುಬಂತು
ಬೇಯಿಸಿದ ಮೊಟ್ಟೆಯ ಸಿಪ್ಪೆಯ ಹಾಗೆ.
ಅಡಿಯಲ್ಲಿ ತಾಮ್ರ,
ಹಕ್ಕಳೆ ಕಿತ್ತ ಗಾಯದ ಕೆಂಪು.

ಮೂರು ಸಲ ತೊಳೆದು ನೀರು ತುಂಬಿದಳು.
ಒಲೆ ಚುಂಯ್ ಅಂದಿತು.
ತಳದಲ್ಲೊಂದು ತೂತು, ಸಾಸಿವೆಯಷ್ಟು.

ಕಲಾಯಿಯ ಮುಕರ್ರೆಮ್ ಬೆಳಕಿಗೆ ಹಿಡಿದು ನಕ್ಕ:
"ಹಳೇ ತೂತು ಅಕ್ಕಾ. ಸುಣ್ಣವೇ ಮುಚ್ಚಿಕೊಂಡಿತ್ತು."

ಬೆಸುಗೆ ಹಾಕಿಕೊಟ್ಟ. ಈಗ ನೀರು ಬೇಗ ಕುದಿಯುತ್ತದೆ,
ಚಹಾದ ಬಣ್ಣವೂ ಚೊಕ್ಕ; ಗಂಡ ಎರಡು ಲೋಟ ಹೆಚ್ಚೇ ಕುಡಿಯುತ್ತಾನೆ.
ಸಿಂಕಿನ ಅಂಚಿನಲ್ಲಿ ಮಾತ್ರ ಒಂದು ಹೆಕ್ಕಳೆ
ಇನ್ನೂ ಇದೆ. ದಿನಾ ಒರೆಸುವಾಗ
ಎತ್ತಿ, ಅದರಡಿ ಒರೆಸಿ,
ಮತ್ತೆ ಅಲ್ಲೇ ಇಡುತ್ತಾಳೆ.