ಏಳು ಗೀರಿನ ಕಂಬ

ಪಾಂಡವಪುರದ ಆಚೆ, ನಾಲೆ ಏರಿ ಇಳಿದರೆ
ಕುಂಬಳದ ಬಳ್ಳಿ ಸೂರಿಗೆ ಹಬ್ಬಿದ ನಾಡಹೆಂಚಿನ ಮನೆ.
ಕೊಟ್ಟಿಗೆಯ ಕಂಬ ಬುಡದಲ್ಲಿ ಮೆತ್ತಗಾಗಿದೆ,
ಬಂದು ನೋಡು ಆಚಾರಿ ಅಂದಿದ್ದರು ನಿಂಗಾಜಮ್ಮ.
ಬಾಚಿ, ಎರಡು ಉಳಿ, ಮಟ್ಟಗೋಲು,
ಮೊಪೆಡ್ಡಿನ ಹಿಂದೆ ಜಾಕಿ ಕಟ್ಟಿಕೊಂಡು ಹೋದೆ.

ಬಾಗಿಲು ಒಂದೇ, ದನಕ್ಕೂ ಜನಕ್ಕೂ.
ಹೊಸ್ತಿಲು ದಾಟಿದರೆ ಎಡಕ್ಕೆ ಗೊರಸು, ಬಲಕ್ಕೆ ಪಾದ;
ನಡುವೆ ಗೋಡೆಯಿಲ್ಲ, ಮೊಳದೆತ್ತರದ ಜಗಲಿ ಅಷ್ಟೇ.
ಮಲಗಿದವರ ಉಸಿರಿಗೂ ಮೆಲುಕಿನ ಸದ್ದಿಗೂ
ಮೇಲೆ ಒಂದೇ ತೊಲೆ.
ಒಲೆಯ ಹೊಗೆ ಮೊದಲು ಅಟ್ಟದ ಹುಲ್ಲಿಗೆ,
ಆಮೇಲೆ ದನದ ಮೈಮೇಲಿನ ನೊಣಕ್ಕೆ,
ಉಳಿದರೆ ಹೆಂಚಿನ ಸಂದಿಯಿಂದ ಆಕಾಶಕ್ಕೆ.

ಕೆಟ್ಟಿದ್ದು ಗೋದಲಿಯ ಪಕ್ಕದ್ದು.
ಗಂಜಲ ಕುಡಿದು ಕುಡಿದು ಗೇಣುದ್ದ ಕಪ್ಪಾಗಿ
ಬೆರಳಿಟ್ಟರೆ ನೆನೆದ ರೊಟ್ಟಿ.
ಅದರ ಮೇಲೆ ಕಲ್ಲಿನಂಥ ಹೊನ್ನೆ.
ಸೊಂಟದೆತ್ತರಕ್ಕೆ ತಾವರೆ, ಮೇಲೆ ಮೊಗ್ಗಿನ ಸಾಲು,
ಬೋದಿಗೆಯಲ್ಲಿ ಎರಡು ಗಿಣಿ, ಒಂದಕ್ಕೆ ಕೊಕ್ಕಿಲ್ಲ.
ತಾವರೆಯ ಎಸಳು ಅರ್ಧ ಅಳಿಸಿಹೋಗಿದೆ.
ತೆಗೆದದ್ದು ಉಳಿಯಲ್ಲ, ಕುತ್ತಿಗೆ.
ಎಷ್ಟು ತಲೆಮಾರಿನ ತುರಿಕೆಯೋ
ಮರವನ್ನು ಕೋಡಿನಷ್ಟು ನಯ ಮಾಡಿದೆ.

ನಡುಮನೆಗೆ ಹೋದೆ. ದೇವರ ಗೂಡಿನ ಎದುರು,
ಇಂಥ ಕಂಬ ನಿಲ್ಲಬೇಕಾದ ಕಡೆ,
ಒಂದು ಮತ್ತಿಯ ದಿಮ್ಮಿ. ತೊಗಟೆ ತೆಗೆದದ್ದಷ್ಟೇ ಕೆಲಸ.
ಮದುವೆ ಮನೆಗೆ ಬನಿಯನ್ನಿನಲ್ಲಿ ಬಂದವನ ಹಾಗೆ.

"ಯಾವ ದಡ್ಡ ಕಟ್ಟಿದ್ನಮ್ಮ? ಅದಲು ಬದಲು ಮಾಡವ್ನೆ.
ಹೆಂಗೂ ಜಾಕಿ ಕೊಡ್ತೀನಿ, ಇದ ಒಳಕ್ಕೆ ತಂದು
ಅದ ಕೊಟ್ಟಿಗೆಗೆ ನಿಲ್ಸಿಬುಡ್ಲಾ?"
ಹಾಲಿನ ಕ್ಯಾನು ತೊಳೆಯುತ್ತಿದ್ದ ನಿಂಗಾಜಮ್ಮ
"ಮೊದ್ಲು ಹತ್ತಿ ನೋಡು" ಅಂದರು.

ಟಾರ್ಚು ಹಿಡಿದು ಹತ್ತಿದೆ.
ಬೋದಿಗೆ ಕೂರುವ ಕಚ್ಚಿನಲ್ಲಿ, ಮಸಿಯಡಿ,
ಉಳಿಯ ಮೂಲೆಯಿಂದ ಎಳೆದ ಏಳು ಗೀರು.
ಮೇಲಿನ ತೊಲೆಗೆ ಮಾತ್ರ ನಾಲ್ಕು.
ನಡುಮನೆಯ ತೊಲೆ ಒರೆಸಿದೆ: ಏಳು.
ಕೆಳಗಿನ ಮತ್ತಿಗೆ ಗೀರೇ ಇಲ್ಲ.
ಬಿಚ್ಚಿ ಮತ್ತೆ ಜೋಡಿಸುವವನು ಹಾಕುವ ಲೆಕ್ಕ ಇದು,
ನಮ್ಮಪ್ಪನೂ ಹಾಕುತ್ತಿದ್ದ.
ಈ ಮನೆ ಇಲ್ಲಿ ಹುಟ್ಟಿದ್ದಲ್ಲ.

"ಕನ್ನಂಬಾಡಿ ನೀರು ಊರ ಬೇಲಿಗೆ ಬಂದಿತ್ತಂತೆ ಕಣಪ್ಪ.
ಮನೆ ಬಿಚ್ಚಿ ಗಾಡಿಗೆ ಹೇರುದ್ರಂತೆ.
ಮೊದಲ್ನೆ ಗಾಡೀಲಿ ಒಳ್ಳೆ ಮರ, ಯಾರಾದ್ರೂ ಕದ್ದಾರು ಅಂತ.
ಇಲ್ಲಿ ನೊಗ ಇಳಿಸೋ ಹೊತ್ಗೆ ಮೋಡ ಕವೀತು,
ತುಂಬು ಗಬ್ಬದ ಹಸ ನೋವು ತಿಂತಿತ್ತು.
ಬಂದ ಮರವ ಬಂದಂಗೆ ನಿಲ್ಸಿ ಸೂರು ಮಾಡುದ್ರು.
ಜನ ಆ ರಾತ್ರಿ ಗಾಡಿ ಅಡೀಲಿ."

"ಇವು ಅದರ ವಂಶವಾ?"
"ಅಯ್ಯೋ, ಇವು ಜರ್ಸಿ!"

ಆಮೇಲೆ ಬದಲಾಯಿಸಬಹುದಿತ್ತು. ಗೊತ್ತಿದ್ದೇ ಬಿಟ್ಟ ಅವನು.
ಹೆಸರು ಗೊತ್ತಿಲ್ಲದ ಆ ಕೈಗೆ
ದಡ್ಡ ಅಂದದ್ದನ್ನು ನುಂಗಿಕೊಂಡೆ.
ನಡುಮನೆಯ ತೊಲೆ ಅಂದಿನಿಂದ ತನ್ನ ಕಂಬಕ್ಕೆ ಕಾಯುತ್ತಿದೆ
ಅನ್ನಬಹುದು, ಕೇಳಲು ಚೆಂದ.
ಮರ ನನಗೆ ಗೊತ್ತು: ಅದು ಮತ್ತಿಯ ಮೇಲೆ
ಕೂತಲ್ಲೇ ಕೂತು ಬಾಗಿ, ಅಲ್ಲೇ ಹೊಂದಿಕೊಂಡಿದೆ.

ಜಾಕಿ ಕೊಟ್ಟೆ. ಹೆಂಚು ಒಮ್ಮೆ ಕಟಗುಟ್ಟಿತು.
ಗೇಣುದ್ದ ಕೊಯ್ದು ಕೆಳಗೆ ಕಲ್ಲು ಇಟ್ಟೆ,
ಬೆಣೆ ಬಡಿದೆ, ಜಾಕಿ ಇಳಿಸಿದೆ.
ಕೂಲಿಯಲ್ಲಿ ನೂರು ಹಿಡಿದುಕೊಂಡರು, ಒಂದು ಕುಂಬಳಕಾಯಿ ಕೊಟ್ಟರು.

ಹೊರಡುವಾಗ ನೋಡಿದೆ,
ಕೊಯ್ದ ತುಂಡು ಬಚ್ಚಲ ಒಲೆಯಲ್ಲಿತ್ತು.
ನಿಂಗಾಜಮ್ಮ ಊದುತ್ತಿದ್ದರು, ಕಣ್ಣೊರೆಸಿಕೊಂಡು ಮತ್ತೆ ಊದುತ್ತಿದ್ದರು.
ಹತ್ತಲಿಲ್ಲ.